ಮಗು ಕೇಳುವ ಹೆಸರುಗಳು

(ಕೆಂಗೇರಿಯ ಕಲಿಕಾ ಕೇಂದ್ರವೊಂದರಲ್ಲಿ ಆಡಿದ ಮಾತು)



ಊಟ ಆಯ್ತಾ? ಪಾತ್ರೆ ತೊಳೆದಿಟ್ಟು, ಮಕ್ಕಳನ್ನು ಮಲಗಿಸಿ ಬಂದಿದ್ದೀರಿ. ಕೆಲವರ ಮಡಿಲಲ್ಲಿ ಮಕ್ಕಳು ಇನ್ನೂ ಎಚ್ಚರವಾಗಿಯೇ ಇದ್ದಾರೆ. ಇರಲಿ ಬಿಡಿ. ಇವತ್ತಿನ ಮಾತು ಅವರದೇ.

ಒಂದೂವರೆ ವರ್ಷದ ಮಗುವನ್ನು ಎತ್ತಿಕೊಂಡು ಬೀದಿಗೆ ಬರುತ್ತೀರಿ. ನಾಯಿ ಕಂಡರೆ ಮಗು 'ಬೌ ಬೌ' ಅನ್ನುತ್ತದೆ. ಹಸು ಬಂತು. ಅದೂ 'ಬೌ ಬೌ'. ಮೇಕೆ ಬಂತು. ಅದೂ 'ಬೌ ಬೌ'. ನಾವು ನಗುತ್ತೇವೆ. ಆದರೆ ಮಗು ಸುಮ್ಮನೆ ಹೇಳಿದ್ದಲ್ಲ. ನಾಲ್ಕು ಕಾಲು, ಬಾಲ, ಮೈಮೇಲೆ ಕೂದಲು. ಇವೆಲ್ಲ ಒಂದೇ ಗುಂಪು ಅಂತ ಲೆಕ್ಕ ಹಾಕಿದೆ. ಆಗ ನೀವು ಏನು ಹೇಳ್ತೀರಿ? 'ಅದು ಬೌ ಬೌ ಅಲ್ಲ ಕಂದಾ, ಅದು ಅಂಬಾ.' ಒಂದು ಹೆಸರು ಹೆಚ್ಚಾಯಿತು. ಒಂದು ಗುಂಪು ಎರಡಾಯಿತು.

ಮಾತು ಬಾರದ ಕೂಸಿಗೂ ಹೆಸರು ಹೀಗೆ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ ಸಾಂಡ್ರಾ ವ್ಯಾಕ್ಸ್‌ಮನ್ ಮತ್ತು ಅವರ ಜೊತೆಯವರು ಇದನ್ನು ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದರು. ಮೂರು ನಾಲ್ಕು ತಿಂಗಳ ಕೂಸುಗಳಿಗೆ ಒಂದೇ ಬಗೆಯ ಪ್ರಾಣಿಯ ಚಿತ್ರಗಳನ್ನು ಒಂದಾದ ಮೇಲೊಂದು ತೋರಿಸಿದರು. ಕೆಲವು ಕೂಸುಗಳಿಗೆ ಚಿತ್ರದ ಜೊತೆ ಒಂದು ಹೆಸರು ಕೇಳಿಸಿದರು. ಉಳಿದವಕ್ಕೆ ಬರೀ 'ಪೀಂ' ಅನ್ನುವಂಥ ಸದ್ದು. ಹೆಸರು ಕೇಳಿದ ಕೂಸುಗಳು ಆ ಪ್ರಾಣಿಗಳನ್ನು ಒಂದು ಗುಂಪು ಎಂದು ಗುರುತಿಸಿದವು. ಸದ್ದು ಕೇಳಿದವು ಗುರುತಿಸಲಿಲ್ಲ. ಮಾತಾಡದ ಕೂಸು ಇದನ್ನು ಹೇಳೋದು ಹೇಗೆ ಅಂತೀರಾ? ಕಣ್ಣಿನಿಂದ. ಹಳೆಯ ಗುಂಪಿನ ಪ್ರಾಣಿಯನ್ನೂ ಬೇರೆ ಗುಂಪಿನ ಪ್ರಾಣಿಯನ್ನೂ ಪಕ್ಕಪಕ್ಕ ಇಡುತ್ತಾರೆ. ಕೂಸು ಯಾವುದೋ ಒಂದನ್ನು ಹೆಚ್ಚು ಹೊತ್ತು ನೋಡಿದರೆ, ಎರಡೂ ಬೇರೆ ಅಂತ ಅದಕ್ಕೆ ತಿಳಿದಿದೆ ಎಂದು ಅರ್ಥ.

ನಮ್ಮ ಕನ್ನಡವಂತೂ ಗುಂಪಿನ ಗುರುತನ್ನು ಹೆಸರಿನ ಬಾಲಕ್ಕೇ ಕಟ್ಟಿಬಿಟ್ಟಿದೆ. ವಿಜಯನಗರದಲ್ಲಿ ತರಕಾರಿ ಕೊಳ್ಳುವಾಗ ಮಗು ಏನು ಕೇಳುತ್ತದೆ? ಮೆಂತ್ಯ ಸೊಪ್ಪು, ದಂಟಿನ ಸೊಪ್ಪು, ಸಬ್ಬಸಿಗೆ ಸೊಪ್ಪು. ಎಲೆ ಬೇರೆ, ವಾಸನೆ ಬೇರೆ, ಕೊನೆಯ ಮಾತು ಮಾತ್ರ ಒಂದೇ. ಬದನೆಕಾಯಿ, ಹೀರೇಕಾಯಿ, ಸೋರೆಕಾಯಿಯೂ ಹಾಗೇ. ಇನ್ನು ಮಾವು ನೋಡಿ. ಹುಳಿ ಇದ್ದಾಗ ಮಾವಿನಕಾಯಿ. ಮಾಗಿದರೆ ಮಾವಿನಹಣ್ಣು. ಇಂಗ್ಲಿಷಿನಲ್ಲಿ ಎರಡಕ್ಕೂ 'ಮ್ಯಾಂಗೋ'. ನಮಗೆ ಭತ್ತ ಬೇರೆ, ಅಕ್ಕಿ ಬೇರೆ, ಅನ್ನ ಬೇರೆ. ಅವರಿಗೆ ಮೂರೂ 'ರೈಸ್'. ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ ಎಲ್ಲರೂ 'ಆಂಟಿ'. ಹಾಗಂತ ಇಂಗ್ಲಿಷ್ ಮಾತಾಡುವ ಮಗುವಿಗೆ ಕಾಯಿ ಹಣ್ಣು ಗೊತ್ತಾಗಲ್ಲ ಅಂತಲ್ಲ. ಹುಳಿ ಕಚ್ಚಿದರೆ ಯಾರಿಗೂ ಗೊತ್ತಾಗುತ್ತೆ! ನಮ್ಮ ಮಗುವಿಗೆ ಭಾಷೆಯೇ ಮೊದಲು ಬೆರಳು ತೋರಿಸುತ್ತದೆ, ಅಷ್ಟೆ.

ರಾಜಾಜಿನಗರ ಇರಲಿ, ಕೆಂಗೇರಿ ಇರಲಿ, ನಮ್ಮ ಕಡೆ ಒಂದೇ ನಲ್ಲಿಯ ಮುಂದೆ ನಾಲ್ಕು ಭಾಷೆ. ತೆಲುಗು ಮನೆಯ ಮಗು ಕನ್ನಡದಲ್ಲಿ 'ಅಮ್ಮ ಬಂತು' ಅಂದರೆ ನಾವು ನಕ್ಕುಬಿಡುತ್ತೇವೆ. ತೆಲುಗಿನಲ್ಲಿ ಅಮ್ಮ ಬಂದರೂ 'ವಚ್ಚಿಂದಿ', ಹಸು ಬಂದರೂ 'ವಚ್ಚಿಂದಿ'. ಕನ್ನಡದಲ್ಲಿ 'ಬಂದಳು' ಬೇರೆ, 'ಬಂತು' ಬೇರೆ. ಅಮ್ಮ ಯಾರು, ಹಸು ಯಾವುದು ಅಂತ ಆ ಮಗುವಿಗೆ ಚೆನ್ನಾಗಿ ಗೊತ್ತು. ಕನ್ನಡ ಎಲ್ಲಿ ಗೆರೆ ಎಳೆಯುತ್ತದೆ ಅನ್ನೋದು ಮಾತ್ರ ಇನ್ನೂ ಗೊತ್ತಿಲ್ಲ.

ಹೀಗೆ ನಗುವ ತಪ್ಪನ್ನು ನಾವೂ ಮಾಡಿದ್ದೇವೆ. ಅದನ್ನು ಹೇಳಿಬಿಡುತ್ತೇವೆ.

ಇಲ್ಲಿ ಮನೆ ಕಟ್ಟುವ ಕೆಲಸಕ್ಕೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಜನ ಬರುತ್ತಾರೆ. ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ಅಂಥ ಒಂದು ಮನೆಯ ನಾಲ್ಕು ವರ್ಷದ ಹುಡುಗಿ ನಮ್ಮ ಮಕ್ಕಳ ಜೊತೆ ಬಂದು ಕೂತಿದ್ದಳು. ನಾವು ಚಿತ್ರದ ಹಾಳೆ ಹಿಡಿದು 'ಇದೇನು ಪುಟ್ಟಿ?' ಅಂದೆವು. 'ಉಳ್ಳಾಗಡ್ಡಿ' ಅಂದಳು. ಮಕ್ಕಳೆಲ್ಲ ಗೊಳ್ಳೆಂದರು. 'ಅದು ಈರುಳ್ಳಿ, ಅಷ್ಟೂ ಗೊತ್ತಿಲ್ವಾ?' ಅಂದೆವು. ಕಡಲೆಕಾಯಿಯ ಚಿತ್ರಕ್ಕೆ 'ಶೇಂಗಾ' ಅಂದಳು. ಮತ್ತೆ ನಗು. ಮೂರನೆಯ ಚಿತ್ರಕ್ಕೆ ಅವಳು ಬಾಯಿ ತೆರೆಯಲಿಲ್ಲ. ನಮ್ಮಲ್ಲೇ ಒಬ್ಬರು 'ದಡ್ಡಿ' ಅಂದರು. ಮಾರನೆಯ ದಿನ ಮಕ್ಕಳು ಆಟದಲ್ಲಿ ಹೇಳುತ್ತಿದ್ದರು, 'ಶೆಡ್ಡಿನವರು ದಡ್ಡರು, ಅವರನ್ನ ಸೇರಿಸ್ಕೋಬೇಡಿ.'

ಒಬ್ಬಳಿಗೆ ಅಂದ ಮಾತು ಒಂದೇ ದಿನದಲ್ಲಿ ಒಂದು ಗುಂಪಿನ ಹೆಸರಾಗಿತ್ತು.

ಇದು ಹೇಗೆ ಆಗುತ್ತದೆ? ಸೂಸನ್ ಗೆಲ್ಮನ್, ಗೇಲ್ ಹೇಮನ್ ಎಂಬ ಇಬ್ಬರು 1999ರಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಐದು, ಏಳು ವರ್ಷದ ಮಕ್ಕಳಿಗೆ ರೋಸ್ ಎಂಬ ಹುಡುಗಿಯ ಬಗ್ಗೆ ಹೇಳಿದರು. ಕೆಲವರಿಗೆ 'ಅವಳು ಸಿಕ್ಕಾಗಲೆಲ್ಲ ಕ್ಯಾರೆಟ್ ತಿನ್ನುತ್ತಾಳೆ' ಅಂದರು. ಉಳಿದವರಿಗೆ ಅವಳಿಗೊಂದು ಹೆಸರೇ ಇಟ್ಟು ಹೇಳಿದರು. ನಮ್ಮಲ್ಲಿ ತಿಂಡಿಪೋತಿ ಅಂತೀವಲ್ಲ, ಹಾಗೆ 'ಕ್ಯಾರೆಟ್‌ಪೋತಿ' ಅಂದುಕೊಳ್ಳಿ. ಆಮೇಲೆ ಕೇಳಿದರು: ದೊಡ್ಡವಳಾದ ಮೇಲೂ ತಿಂತಾಳಾ? ಮನೆಯವರು ಬೇಡ ಅಂದರೂ ತಿಂತಾಳಾ? 'ಹೌದು, ತಿಂತಾಳೆ' ಅಂದವರು ಹೆಸರು ಕೇಳಿದ ಮಕ್ಕಳಲ್ಲೇ ಹೆಚ್ಚು. ಹೆಸರು ಬಿದ್ದ ಮೇಲೆ ಆ ಗುಣ ಹೋಗುವಂಥದ್ದಲ್ಲ ಅಂತ ಅವರ ಎಣಿಕೆ. ಒಂದು ಸಲ 'ಕದ್ದ' ಅನ್ನೋದಕ್ಕೂ 'ಕಳ್ಳ' ಅನ್ನೋದಕ್ಕೂ ಇರುವ ದೂರ ಇದೇ. 'ಲೆಕ್ಕ ತಪ್ಪಿದಳು' ಅಂದರೆ ನಾಳೆ ಸರಿ ಮಾಡಬಹುದು. 'ದಡ್ಡಿ' ಅಂದರೆ ನಾಳೆ ಎಲ್ಲಿದೆ?

ಗುಂಪಿನ ವಿಷಯಕ್ಕೂ ಇಂಥದೇ ಪರೀಕ್ಷೆ ನಡೆದಿದೆ. ಮಾರ್ಜೋರಿ ರೋಡ್ಸ್ ಮತ್ತು ಜೊತೆಯವರು 2012ರಲ್ಲಿ ಪ್ರಕಟಿಸಿದ್ದು. ಎಲ್ಲೂ ಇಲ್ಲದ ಒಂದು ಜನಕ್ಕೆ 'ಜಾರ್ಪಿ' ಅಂತ ಹೆಸರಿಟ್ಟು ಚಿತ್ರದ ಪುಸ್ತಕ ಮಾಡಿದರು. ಅದರಲ್ಲಿ ಗಂಡು, ಹೆಣ್ಣು, ಬಿಳಿಯರು, ಕರಿಯರು ಎಲ್ಲ ಇದ್ದರು. ನಾಲ್ಕು ವರ್ಷದ ಕೆಲವು ಮಕ್ಕಳಿಗೆ 'ಈ ಜಾರ್ಪಿ ಹುಳಕ್ಕೆ ಹೆದರುತ್ತಾನೆ' ಎಂದು ಓದಿದರು. ಬೇರೆ ಮಕ್ಕಳಿಗೆ 'ಜಾರ್ಪಿಗಳು ಹುಳಕ್ಕೆ ಹೆದರುತ್ತಾರೆ' ಎಂದು ಓದಿದರು. ಹೀಗೆ ಗುಂಪು ಸೇರಿಸಿ ಓದಿದ್ದನ್ನು ಕೇಳಿದ ಮಕ್ಕಳು, ಅವರು ಹುಟ್ಟುವಾಗಲೇ ಹಾಗೆ ಎಂದು ಹೆಚ್ಚಾಗಿ ನಂಬಿದರು.

'ಜಾತಿ' ಅನ್ನೋ ನಮ್ಮ ಮಾತನ್ನೇ ನೋಡಿ. ಮರದ ಜಾತಿ, ಹಕ್ಕಿಯ ಜಾತಿ, ಮನುಷ್ಯರ ಜಾತಿ. ಮೂರಕ್ಕೂ ಒಂದೇ ಪದ. ಬೇವು ಮಾವಾಗುವುದಿಲ್ಲ, ಕಾಗೆ ಗಿಣಿಯಾಗುವುದಿಲ್ಲ. ಅದೇ ಪದವನ್ನು ಪಕ್ಕದ ಮನೆಯವರಿಗೂ ಹಾಕಿದರೆ ಮಗು ಏನು ತಿಳಿದುಕೊಳ್ಳಬೇಕು?

ಆ ಹುಡುಗಿ ಎರಡು ದಿನ ಬರಲಿಲ್ಲ. ಮೂರನೆಯ ದಿನ ನಾವೇ ಶೆಡ್ಡಿಗೆ ಹೋದೆವು. ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನಡೆದದ್ದು ಹೇಳಿದೆವು. ಅವರು ಸಿಟ್ಟಾಗಲಿಲ್ಲ. 'ನಿಮಗ ಉಳ್ಳಾಗಡ್ಡಿ ಗೊತ್ತಿಲ್ಲೇನ್ರೀ?' ಅಂದರು. ಗೊತ್ತಿಲ್ಲ ಅಂದೆವು. ನಕ್ಕರು.

ಈಗ ನಮ್ಮ ಚಿತ್ರದ ಹಾಳೆಯಲ್ಲಿ ಈರುಳ್ಳಿಯ ಕೆಳಗೆ ಎರಡು ಹೆಸರು ಇವೆ. ಎರಡನೆಯದನ್ನು ಬರೆದವರು ಆ ತಾಯಿ. ಅವರೂ ನಿಮ್ಮ ಹಾಗೆ ಆಗ ತಾನೇ ಅಕ್ಷರ ಕಲಿಯುತ್ತಿದ್ದರು. 'ಳ್ಳಾ' ಬರೆಯುವಾಗ ಎರಡು ಸಲ ಅಳಿಸಿದರು. ಮಗಳು ಪಕ್ಕದಲ್ಲಿ ನಿಂತು, ರಬ್ಬರು ಹಿಡಿದುಕೊಂಡಿದ್ದಳು.