ಬಿರುಬಿಸಿಲೂ ಕುಂಡದ ಗಿಡಗಳೂ

ಮನೆಯೊಳಗೆ ಸಾಕುವ ಗಿಡಗಳ ಬಗ್ಗೆ ಮಾತನಾಡಬೇಕೆಂದು ಕೇಳಿದವರಿಗೆ ನಾನು ಮೊದಲೇ ಒಂದು ಅರಿಕೆ ಮಾಡಿಕೊಂಡೆ. ನಾನು ಸಸ್ಯಶಾಸ್ತ್ರ ಬಲ್ಲವನಲ್ಲ. ಕಲಬುರಗಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕು ಹಳಗನ್ನಡದ ಪಾಠ ಹೇಳಿ 2018ರಲ್ಲಿ ನಿವೃತ್ತನಾದ ಮೇಷ್ಟ್ರು. ಗಿಡಗಳ ವಿಷಯದಲ್ಲಿ ನನಗಿರುವ ಯೋಗ್ಯತೆ ಒಂದೇ: ಅನೇಕ ಗಿಡಗಳನ್ನು ಕೊಂದಿದ್ದೇನೆ; ಅದೂ ಅಲಕ್ಷ್ಯದಿಂದಲ್ಲ, ಅಕ್ಕರೆಯಿಂದ. ಅವರು ನಕ್ಕು, ಹಾಗಾದರೆ ನೀವೇ ಸರಿ ಎಂದರು.

ನಾನು ಹುಟ್ಟಿದ್ದು ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಗಿಡ ಬೆಳೆಸಬೇಕೆಂಬ ಚಿಂತೆ ಯಾರಿಗೂ ಇಲ್ಲ. ಬೆಳೆಯುವುದನ್ನು ತಡೆಯುವುದೇ ಕೆಲಸ. ಮಳೆಗಾಲದಲ್ಲಿ ಹಂಚಿನ ಮೇಲೆ, ಬಾವಿಯ ಗೋಡೆಯ ಮೇಲೆ, ಅಂಗಳದ ಕಲ್ಲಿನ ಮೇಲೆ, ಎಲ್ಲೆಲ್ಲಿಯೂ ಹಸಿರೇ. ಅಲ್ಲಿಂದ ಬಂದವನಿಗೆ ಕಲಬುರಗಿಯ ಬೇಸಿಗೆ ಎಂದರೇನೆಂದು ಮನವರಿಕೆಯಾಗಲು ಹಲವು ವರ್ಷಗಳೇ ಬೇಕಾದವು. ಏಪ್ರಿಲ್-ಮೇ ತಿಂಗಳುಗಳಲ್ಲಿ ಇಲ್ಲಿ ಉಷ್ಣತೆ 42-43 ಡಿಗ್ರಿ ಮುಟ್ಟುವುದು ಸಾಮಾನ್ಯ. ಬಿಸಿಲಿಗಿಂತ ಹೆಚ್ಚಿನ ಶತ್ರು ಒಣಗಾಳಿ. ಇದೇ ಸೀಮೆಯ ಮಳಖೇಡದಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ, ‘ಕವಿರಾಜಮಾರ್ಗ’ ಹುಟ್ಟಿತೆಂದು ನೆನೆದಾಗಲೆಲ್ಲ ಇಂಥ ಸೆಖೆಯಲ್ಲಿ ಕುಳಿತು ಕಾವ್ಯದ ಗುಣದೋಷಗಳನ್ನು ತೂಗಿದವರ ತಾಳ್ಮೆಗೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ತಂದೆ ತೀರಿಕೊಂಡ ಮೇಲೆ, 2019ರ ಫೆಬ್ರವರಿಯಲ್ಲಿ, ತಾಯಿಯನ್ನು ಊರಿನಿಂದ ಕರೆತಂದೆ. ಆಕೆಗೆ ಆಗ ಎಂಬತ್ತಾರು ವರ್ಷ. ಊರ ಮನೆಯಿಂದ ಆಕೆ ತಂದದ್ದು ಒಂದು ಟ್ರಂಕು, ಎರಡು ಭರಣಿ ಉಪ್ಪಿನಕಾಯಿ ಮತ್ತು ಒಂದು ಹಳೆಯ ಎಣ್ಣೆಡಬ್ಬಿಯಲ್ಲಿ ನೆಟ್ಟ ಜರೀಗಿಡ. ಬಾವಿಕಟ್ಟೆಯ ಬುಡದಲ್ಲಿ ತಾನಾಗಿಯೇ ಬೆಳೆಯುತ್ತಿದ್ದ, ಉದ್ದುದ್ದ ಗರಿಗಳ ಗಿಡ ಅದು. ಇಡೀ ರಾತ್ರಿಯ ಬಸ್ಸಿನ ಪ್ರಯಾಣದಲ್ಲಿ ಅದನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು.

ನಾನು ಮಾಡಿದ್ದೇನು? ಗಿಡಕ್ಕೆ ಬೆಳಕು ಬೇಕೆಂದು ಪುಸ್ತಕದಲ್ಲಿ ಓದಿದ್ದೆ. ಪಶ್ಚಿಮದ ಕಡೆಗಿರುವ ನಮ್ಮ ಜಗುಲಿಯಲ್ಲಿ, ಕಬ್ಬಿಣದ ಒಂದು ಸ್ಟ್ಯಾಂಡಿನ ಮೇಲೆ, ಬಹಳ ಗೌರವದಿಂದ ಅದನ್ನು ಸ್ಥಾಪಿಸಿದೆ. ಮಾರ್ಚಿ ಕಳೆಯುವುದರೊಳಗೆ ಗರಿಗಳೆಲ್ಲ ಸುಟ್ಟ ಕಾಗದದಂತಾದವು. ತಾಯಿ ನೋಡಿದರು. ಬೈಯಲಿಲ್ಲ. ‘ಬೆಳಕು ಬೇಕು ಅಂತ ನಿಂಗೆ ಯಾರು ಹೇಳಿದ್ದು ಮಾರಾಯಾ? ಬಾವಿಕಟ್ಟೆ ಬುಡದಲ್ಲಿ ಎಂತ ಬೆಳಕಿತ್ತು ಅದಕ್ಕೆ? ನನ್ನನ್ನು ಎಲ್ಲಿ ಕೂರಿಸಿದ್ದೀಯೋ ಅಲ್ಲೇ ಅದನ್ನೂ ಇಡಬೇಕಿತ್ತು’ ಎಂದರು.

ಆಕೆ ಕುಳಿತುಕೊಳ್ಳುತ್ತಿದ್ದುದು ಪಡಸಾಲೆಯ ಒಳಮೂಲೆಯಲ್ಲಿ, ಕುಡಿಯುವ ನೀರಿನ ಮಣ್ಣಿನ ಗಡಿಗೆಯ ಪಕ್ಕದಲ್ಲಿ. ಅಲ್ಲಿಗೆ ಪೂರ್ವದ ಕಿಟಕಿಯಿಂದ ಬೆಳಗಿನ ಹೊತ್ತು ಸ್ವಲ್ಪ ಬೆಳಕು ಬರುತ್ತದೆ. ಮಧ್ಯಾಹ್ನ ಬಿಸಿಲು ಸುಳಿಯುವುದಿಲ್ಲ. ಗಡಿಗೆಯ ತೇವದಿಂದ ಗಾಳಿ ತುಸು ತಂಪಾಗಿರುತ್ತದೆ. ಕೇಳುಗರಲ್ಲಿ ಯಾರಾದರೂ ಹೊಸದಾಗಿ ಗಿಡ ತಂದು ಎಲ್ಲಿಡಬೇಕೆಂದು ತೋಚದೆ ಇದ್ದರೆ, ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಮನೆಯ ಹಿರಿಯರು ಎಲ್ಲಿ ಕುಳಿತಿರುತ್ತಾರೆಂದು ನೋಡಲಿ.

ನನ್ನ ತಪ್ಪಿನ ಮೂಲ ಪುಸ್ತಕದಲ್ಲಿಯೇ ಇತ್ತು. ಗಿಡ ಸಾಕಣೆಯ ಇಂಗ್ಲಿಷ್ ಪುಸ್ತಕಗಳು ಬಹುಮಟ್ಟಿಗೆ ಬಿಸಿಲಿಗೆ ಬರವಿರುವ ದೇಶಗಳಿಗಾಗಿ ಬರೆದವು. ಅಲ್ಲಿಯವರಿಗೆ ದಕ್ಷಿಣದ ಕಿಟಕಿ ಎಂದರೆ ವರ್ಷವಿಡೀ ಬಿಸಿಲಿನ ಕಿಟಕಿ, ಉತ್ತರದ್ದು ನೆರಳಿನದು. ನಮ್ಮ ಆಕಾಶದ ವ್ಯವಹಾರವೇ ಬೇರೆ. ಮೇ ಎರಡನೆಯ ವಾರದಿಂದ ಆಗಸ್ಟ್ ಮೊದಲ ದಿನಗಳವರೆಗೆ ಕಲಬುರಗಿಯಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಕೊಂಚ ಉತ್ತರಕ್ಕೇ ಇರುತ್ತಾನೆ. ದಕ್ಷಿಣದ ಕಿಟಕಿಗೆ ಬಿಸಿಲು ಹೆಚ್ಚು ಬರುವುದು ಚಳಿಗಾಲದಲ್ಲಿ. ಎಲ್ಲ ಕಾಲಕ್ಕೂ ಎಚ್ಚರದಿಂದಿರಬೇಕಾದದ್ದು ಪಶ್ಚಿಮದ ಕಿಟಕಿಯ ಬಗ್ಗೆ; ಹಗಲೆಲ್ಲ ಕಾದ ಗೋಡೆ, ಕಾದ ನೆಲ, ಅದರ ಮೇಲೆ ಇಳಿಹೊತ್ತಿನ ಬಿಸಿಲು. ಅಲ್ಲಿ ಲೋಳೆಸರ ಬದುಕೀತು, ಜರೀಗಿಡ ಬದುಕದು.

ಒಣಗಿದ ಗಿಡವನ್ನು ಎಸೆಯಲು ಹೊರಟಾಗ ತಾಯಿ ತಡೆದರು. ಗರಿಗಳನ್ನು ಬುಡಕ್ಕೆ ಕತ್ತರಿಸಿ, ಡಬ್ಬಿಯಿಂದ ಕಿತ್ತು ಮಣ್ಣಿನ ಕುಂಡಕ್ಕೆ ನೆಟ್ಟು, ಗಡಿಗೆಯ ಪಕ್ಕದಲ್ಲಿ ಇಡಿಸಿದರು. ಏಪ್ರಿಲ್ ಪೂರ್ತಿ ಅಲ್ಲಿದ್ದುದು ಬೋಳು ಮಣ್ಣು. ಬಂದವರು, ಬರಿ ಕುಂಡವನ್ನೇಕೆ ಪಡಸಾಲೆಯಲ್ಲಿ ಇಟ್ಟಿದ್ದೀರಿ ಎಂದು ಕೇಳುತ್ತಿದ್ದರು. ಜೂನಿನಲ್ಲಿ ಮಳೆ ಬಿದ್ದು ಗಾಳಿ ತಂಪಾದ ಮೇಲೆ, ಮಣ್ಣಿನಿಂದ ಪಿಟೀಲಿನ ತುದಿಯಂತೆ ಸುರುಳಿ ಸುತ್ತಿದ ಒಂದು ಚಿಗುರು ಮೇಲೆದ್ದಿತು. ಎಲೆ ಹೋದ ಮಾತ್ರಕ್ಕೆ ಗಿಡ ಹೋಯಿತೆಂದು ತಿಳಿಯುವುದು ನಾವೆಲ್ಲ ಮಾಡುವ ಇನ್ನೊಂದು ತಪ್ಪು. ಎಷ್ಟೋ ಗಿಡಗಳು ಬೇಸಿಗೆಯಲ್ಲಿ ಬುಡದಲ್ಲಿ ಜೀವ ಹಿಡಿದು ಕಾಯುತ್ತವೆ.

ಇನ್ನು ನೀರಿನ ಮಾತು. ಇದರಲ್ಲಿ ನನ್ನನ್ನು ಕೆಡಿಸಿದ್ದು ಕಾಳಿದಾಸ. ಶಾಕುಂತಲದ ನಾಲ್ಕನೆಯ ಅಂಕವನ್ನು ಬಸವಪ್ಪಶಾಸ್ತ್ರಿಗಳ ಕನ್ನಡದಲ್ಲಿ ಎಷ್ಟು ಸಲ ಪಾಠ ಹೇಳಿದ್ದೇನೋ ಲೆಕ್ಕವಿಲ್ಲ. ಗಿಡಗಳಿಗೆ ನೀರೆರೆಯುವ ಮೊದಲು ತಾನು ನೀರು ಮುಟ್ಟದವಳು ಶಕುಂತಲೆ ಎಂದು ಕಣ್ವರು ತಪೋವನದ ಮರಗಳೊಡನೆ ಹೇಳಿಕೊಳ್ಳುವ ಸನ್ನಿವೇಶ ಅದು. ನಿವೃತ್ತನಾದ ಮೇಲೆ ನಾನೂ ಅದೇ ವ್ರತ ಹಿಡಿದೆ. ಕಾಫಿಗೆ ಮುಂಚೆ ಗಿಡಗಳಿಗೆ ನೀರು, ಬಿಸಿಲೇರಿದೊಡನೆ ಅಯ್ಯೋ ಪಾಪ ಎಂದು ಇನ್ನೊಮ್ಮೆ, ಸಂಜೆ ಮತ್ತೊಮ್ಮೆ. ಆರು ತಿಂಗಳಲ್ಲಿ ಹನ್ನೊಂದು ಗಿಡಗಳು ಹೋದವು. ಆಶ್ರಮದ ಗಿಡಗಳು ನೆಲದಲ್ಲಿದ್ದವು, ನನ್ನವು ಕುಂಡದಲ್ಲಿದ್ದವು ಎಂಬ ಸರಳ ವ್ಯತ್ಯಾಸ ಮೂವತ್ತು ವರ್ಷ ಆ ಪಾಠ ಹೇಳಿದವನಿಗೆ ಹೊಳೆದಿರಲಿಲ್ಲ. ನೆಲದ ಗಿಡಕ್ಕೆ ಎರೆದ ನೀರು ಹೆಚ್ಚಾದರೆ ಆಳಕ್ಕೆ ಇಳಿದುಹೋಗುತ್ತದೆ, ಸಾಲದಿದ್ದರೆ ಬೇರು ತಾನೇ ಹುಡುಕಿಕೊಂಡು ಹೋಗುತ್ತದೆ. ಕುಂಡದ ಗಿಡಕ್ಕೆ ಎರಡು ದಾರಿಯೂ ಇಲ್ಲ.

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳು ನೀರೆರೆದಾಗ ತುಂಬುತ್ತವೆ. ನೀರು ಇಳಿದಂತೆ ಅಲ್ಲಿಗೆ ಗಾಳಿ ಸೇರುತ್ತದೆ. ಸದಾ ನೀರೇ ನಿಂತಿದ್ದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಬೇಸಿಗೆಯಲ್ಲಿ ಈ ಕೇಡು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಸೆಖೆಯಲ್ಲಿ ಬೇರು ಹೆಚ್ಚು ಉಸಿರಾಡುತ್ತದೆ, ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗಿರುತ್ತದೆ. ಮೋಸ ಇರುವುದು ಮುಂದೆ. ಕೊಳೆತ ಬೇರು ನೀರು ಹೀರಲಾರದು. ಆದ್ದರಿಂದ ಎಲೆ ಬಾಡುತ್ತದೆ. ಬಾಡಿದ ಎಲೆಯನ್ನು ಕಂಡ ನಾವು ಬಾಯಾರಿಕೆ ಎಂದು ಬಗೆದು ಮತ್ತೆ ನೀರು ಸುರಿಯುತ್ತೇವೆ. ರೋಗಕ್ಕೂ ಬಾಯಾರಿಕೆಗೂ ಒಂದೇ ಮುಖ.

ಇವೆರಡನ್ನೂ ಬೇರ್ಪಡಿಸಿ ನೋಡಲು ಒಂದು ಉಪಾಯವಿದೆ. ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆಗೆ ತಾನಾಗಿ ಎದ್ದರೆ, ಅದು ಬಿಸಿಲ ಹೊತ್ತಿನಲ್ಲಿ ಬೇರು ಒದಗಿಸುವುದಕ್ಕಿಂತ ಹೆಚ್ಚಾಗಿ ಎಲೆಯಿಂದ ನೀರು ಆರಿದ್ದರ ಫಲ, ಗಾಬರಿ ಬೇಡ. ಬೆಳಗಿನ ತಂಪಿನಲ್ಲೂ ಜೋತುಬಿದ್ದೇ ಇದ್ದರೆ ಮಣ್ಣನ್ನು ಮುಟ್ಟಿ ನೋಡಬೇಕು. ಬೆರಳನ್ನು ಎರಡು ಗೆಣ್ಣಿನವರೆಗೆ ಇಳಿಸಿದಾಗ ಒಣಗಿದ್ದರೆ ನೀರು, ಹಸಿಯಿದ್ದರೆ ಬೇಡ. ನನ್ನ ತಾಯಿ ಬೆರಳೂ ಇಳಿಸುತ್ತಿರಲಿಲ್ಲ. ಮೊಮ್ಮಗುವನ್ನು ಎತ್ತಿ ತೂಕ ನೋಡುವಂತೆ ಕುಂಡವನ್ನು ಒಂದಿಷ್ಟು ಮೇಲೆತ್ತಿ, ‘ಹಗುರಾಯ್ತು, ಹಾಕು’ ಎನ್ನುತ್ತಿದ್ದರು. ಹಾಕುವುದಾದರೆ ಬೆಳಗ್ಗೆ, ಕುಂಡದ ತಳದ ತೂತಿನಿಂದ ನೀರು ಹೊರಬರುವಷ್ಟು. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ಮಧ್ಯಾಹ್ನ ತಾರಸಿಯ ತೊಟ್ಟಿಯ ನೀರು ಬೇಡವೇ ಬೇಡ. ಅದರಲ್ಲಿ ನಾವೇ ಕೈ ತೊಳೆಯಲಾರೆವು.

ಮಣ್ಣಿನ ವಿಷಯದಲ್ಲಿ ನಮ್ಮ ಸೀಮೆಗೆ ವಿಶೇಷವಾದ ಒಂದು ಎಡವಟ್ಟಿದೆ. ಇಲ್ಲಿಯದು ಎರೆಮಣ್ಣು, ಹೊಲದಲ್ಲಿ ತೊಗರಿಗೂ ಜೋಳಕ್ಕೂ ಅದು ಹೊನ್ನು. ಅದನ್ನೇ ಕುಂಡಕ್ಕೆ ತುಂಬಿದರೆ ಒಣಗಿದಾಗ ಇಟ್ಟಿಗೆಯಾಗಿ ಕುಂಡದ ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ಎರೆದ ನೀರು ಆ ಬಿರುಕಿನಲ್ಲಿ ಇಳಿದು ಬೇರನ್ನು ಮುಟ್ಟದೆ ಹೊರಟುಹೋಗುತ್ತದೆ. ನೆನೆದಾಗಲೋ ಉಬ್ಬಿ ಅಂಟಾಗಿ ಗಾಳಿಯನ್ನೇ ಬಿಡದು. ಕೆಮ್ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಗೊಬ್ಬರ, ಇವನ್ನು ಹೆಚ್ಚುಕಡಿಮೆ ಸಮನಾಗಿ ಬೆರೆಸಿದರೆ ಸಾಮಾನ್ಯ ಗಿಡಗಳಿಗೆ ಸಾಕು.

ಕುಂಡ ಮಣ್ಣಿನದೇ ಒಳ್ಳೆಯದೆಂದು ನನ್ನ ಮತ. ಗಡಿಗೆಯ ನೀರು ಏಕೆ ತಂಪಾಗಿರುತ್ತದೋ ಅದೇ ಕಾರಣದಿಂದ ಮಣ್ಣಿನ ಕುಂಡದ ಬೇರೂ ತಂಪಾಗಿರುತ್ತದೆ. ಕಪ್ಪು ಪ್ಲಾಸ್ಟಿಕ್ಕು ಬಿಸಿಲಿನಲ್ಲಿ ಕಾದು ಬೇರನ್ನು ಬೇಯಿಸುತ್ತದೆ. ಚೆಂದಕ್ಕೆಂದು ಹಿತ್ತಾಳೆಯ ಪಾತ್ರೆಯಲ್ಲಿ, ತಳದಲ್ಲಿ ತೂತಿಲ್ಲದೆ, ಗಿಡ ನೆಡುವವರನ್ನು ಕಂಡರೆ ನನಗೆ ಮಾತು ಹೊರಡುವುದಿಲ್ಲ. ಮಣ್ಣಿನ ಕುಂಡ ಬೇಗ ಒಣಗುತ್ತದೆಂಬುದು ನಿಜ. ಅದಕ್ಕೆ ಪರಿಹಾರ, ಚಿಕ್ಕ ಕುಂಡವನ್ನು ದೊಡ್ಡ ಕುಂಡದೊಳಗಿಟ್ಟು ನಡುವೆ ಮರಳು ತುಂಬಿ ಆ ಮರಳನ್ನು ತೇವವಾಗಿಡುವುದು.

ಉಳಿದವನ್ನು ಬೇಗನೆ ಹೇಳಿಬಿಡುತ್ತೇನೆ. ಕಡುಬೇಸಿಗೆಯಲ್ಲಿ ರಾಸಾಯನಿಕ ಗೊಬ್ಬರ ಹಾಕಬೇಡಿ. ಒಣಮಣ್ಣಿನಲ್ಲಿ ಅದು ಬೇರನ್ನು ಸುಡುತ್ತದೆ. ಕುಂಡ ಬದಲಿಸುವ ಕೆಲಸವನ್ನು, ಗತ್ಯಂತರವಿಲ್ಲದ ಹೊರತು, ಮಳೆಗಾಲಕ್ಕೆ ಇಟ್ಟುಕೊಳ್ಳಿ. ಉಳಿದ ಕಾಫಿ, ಹಾಲು, ಸಾರು ಇತ್ಯಾದಿ ನೈವೇದ್ಯಗಳು ಗಿಡಕ್ಕೆ ಬೇಡ. ಇರುವೆಗಳಿಗೆ ಬೇಕಾದರೆ ಹಬ್ಬ. ಕೂಲರಿನ ಅಥವಾ ಏರ್ ಕಂಡಿಷನರಿನ ಗಾಳಿ ನೇರವಾಗಿ ಬಡಿಯುವಲ್ಲಿ ಇಡಬೇಡಿ. ಎಲೆಗಳ ಮೇಲೆ ನೀರು ಚಿಮುಕಿಸುವ ತಂಪು ಕೆಲವು ನಿಮಿಷದ್ದು. ನಾಲ್ಕಾರು ಕುಂಡಗಳನ್ನು ಒತ್ತಾಗಿ ಜೋಡಿಸಿದರೆ ಅವು ಒಂದಕ್ಕೊಂದು ತೇವ ಕೊಟ್ಟುಕೊಳ್ಳುತ್ತವೆ. ಕೊಳವೆಬಾವಿಯ ಗಡಸು ನೀರಿನಿಂದ ಕುಂಡದ ಕಂಠಕ್ಕೆ ಬಿಳಿಯ ಉಪ್ಪು ಕಟ್ಟಿದರೆ, ಮಳೆನೀರು ಸಿಕ್ಕಾಗ ಧಾರಾಳವಾಗಿ ಎರೆದು ಆ ಉಪ್ಪನ್ನು ತಳದಿಂದ ಹರಿಸಿಬಿಡಬೇಕು. ರಜೆಯಲ್ಲಿ ಊರಿಗೆ ಹೊರಡುವವರು ಕುಂಡಗಳನ್ನು ನೀರಿನ ಟಬ್ಬಿನಲ್ಲಿ ನಿಲ್ಲಿಸಿ ಹೋಗುವುದುಂಟು. ಬಂದು ನೋಡಿದರೆ ಬೇರು ಕೊಳೆತಿರುತ್ತದೆ. ಒಂದು ಬಕೇಟು ನೀರನ್ನು ಎತ್ತರದಲ್ಲಿಟ್ಟು, ಹತ್ತಿಯ ದಪ್ಪ ಹುರಿಯ ಒಂದು ತುದಿಯನ್ನು ನೀರಿನಲ್ಲೂ ಇನ್ನೊಂದನ್ನು ಕುಂಡದ ಮಣ್ಣಿನಲ್ಲೂ ಹುಗಿದರೆ ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಅದು ನೀರನ್ನು ಮೆಲ್ಲಗೆ ಒಯ್ಯುತ್ತದೆ. ಹೊರಡುವುದಕ್ಕೆ ವಾರ ಮೊದಲೇ ಪರೀಕ್ಷಿಸಿಕೊಳ್ಳುವುದು ಜಾಣತನ.

ಇಷ್ಟೆಲ್ಲ ಬಲ್ಲ ನಾನು ಕೊನೆಯ ಬಾರಿ ತಪ್ಪಿದ್ದು 2022ರಲ್ಲಿ. ಆ ವರ್ಷ ಶ್ರಾವಣದಲ್ಲಿ ತಾಯಿ ತೀರಿಕೊಂಡರು. ಪಡಸಾಲೆಯ ಮೂಲೆಯಲ್ಲಿ ಗಡಿಗೆ ಇತ್ತು, ಜರೀಗಿಡ ಇತ್ತು. ನಾನು ಬೆಳಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು ಹಾಕತೊಡಗಿದೆ. ತಿಳಿಯದೆ ಅಲ್ಲ, ತಿಳಿದೇ ಹಾಕಿದೆ. ಆ ಮೂಲೆಯಲ್ಲಿ ನನಗೆ ಬೇರೆ ಕೆಲಸ ಉಳಿದಿರಲಿಲ್ಲ. ಗರಿಗಳು ಹಳದಿಯಾದವು. ಒಂದು ದಿನ ನನ್ನ ಪತ್ನಿ ಚೊಂಬನ್ನು ಕೈಯಿಂದ ತೆಗೆದುಕೊಂಡು, ‘ಅತ್ತೆಯವರು ಕುಂಡ ಎತ್ತಿ ನೋಡುತ್ತಿದ್ದರಲ್ಲ, ನೀವು ಒಮ್ಮೆಯಾದರೂ ಎತ್ತಿ ನೋಡಿದಿರಾ?’ ಎಂದು ಕೇಳಿದಳು.

ಎತ್ತಿ ನೋಡಿದೆ. ಒರಳುಕಲ್ಲಿನಷ್ಟು ಭಾರವಾಗಿತ್ತು. ಕುಂಡ ಮಗುಚಿದಾಗ ಅರ್ಧದಷ್ಟು ಬೇರು ಕಪ್ಪಾಗಿ ನಾರುತ್ತಿತ್ತು. ಅದನ್ನೆಲ್ಲ ಕತ್ತರಿಸಿ, ಗಟ್ಟಿಯಾಗಿದ್ದ ಭಾಗವನ್ನು ಹೊಸ ಮಣ್ಣಿನಲ್ಲಿ ನೆಟ್ಟು, ಅದೇ ಗಡಿಗೆಯ ಪಕ್ಕದಲ್ಲಿ ಇಟ್ಟೆವು. ಈಗ ನೀರು ಹಾಕುವ ಅಧಿಕಾರ ಪತ್ನಿಯದು. ಎತ್ತಿ ತೂಕ ಹೇಳುವ ಕೆಲಸ ನನ್ನದು. ಈ ಬೇಸಿಗೆಯಲ್ಲಿ ಅದಕ್ಕೆ ಎರಡು ಹೊಸ ಸುರುಳಿಗಳು ಬಂದಿವೆ. ಒಂದು ಆಗಲೇ ಬಿಚ್ಚಿಕೊಳ್ಳುತ್ತಿದೆ.