ಕೂಲಿಯ ನಿಜವಾದ ಅಳತೆ



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳ ಹಿರಿಯರು, “ನಮ್ಮ ಕಾಲದಲ್ಲಿ ಒಂದಾಣೆಗೆ ಎಷ್ಟೊಂದು ಬರುತ್ತಿತ್ತು!” ಎನ್ನುವರು. “ಆ ಆಣೆಯಾದರೂ ನಿಮ್ಮ ಕೈಯಲ್ಲಿ ಎಲ್ಲಿತ್ತು?” ಎಂದು ಕಿರಿಯರು ಕೇಳುವರು. ಇಬ್ಬರ ಮಾತೂ ನಿಜವೇ. ಆದರೆ ಇಬ್ಬರೂ ನಾಣ್ಯವನ್ನು ಎಣಿಸುವರಲ್ಲದೆ ಬದುಕನ್ನು ಅಳೆಯುವದಿಲ್ಲ.

ಹಿಂದೆ ಬಡಿಗ, ಕಮ್ಮಾರ, ಅಗಸ ಮೊದಲಾದ ಆಯಗಾರರು ಸುಗ್ಗಿಯ ಕಣದಲ್ಲಿ ಕಾಳನ್ನೇ ಆಯವಾಗಿ ಪಡೆಯುತ್ತಿದ್ದರು. ಕೂಲಿಯವರಿಗೂ ಬಹುಕಡೆ ಜೋಳವೋ ಭತ್ತವೋ ದೊರೆಯುತ್ತಿತ್ತು. ಪೇಟೆಯ ಧಾರಣೆ ಏರಿದರೆ ಅವರ ಸೇರು ಕಿರಿದಾಗುತ್ತಿರಲಿಲ್ಲ. ಆ ಪದ್ಧತಿಯನ್ನು ಹೊಗಳುವದು ನನ್ನ ಉದ್ದೇಶವಲ್ಲ. ಕಾಳಿನೊಡನೆ ಜಾತಿಯ ಬಿಗಿಯೂ ಒಡೆಯನ ಹಂಗೂ ಇದ್ದವು. ಮಳೆ ತಪ್ಪಿದ ವರ್ಷ ಕಣವೇ ಬರಿದಾಗುತ್ತಿತ್ತು. ರೊಕ್ಕದ ಕೂಲಿಯು ಆ ಹಂಗನ್ನು ಸಡಿಲಿಸಿತು. ಬೆಲೆಯೇರಿಕೆಯ ಭಾರವನ್ನು ಮಾತ್ರ ಕೂಲಿಯವನ ಹೆಗಲಿಗೆ ಹೊರಿಸಿತು.

ಎರಡನೆಯ ಮಹಾಯುದ್ಧದಲ್ಲಿ ಇದು ಎಲ್ಲರಿಗೂ ಕಂಡಿತು. ನೋಟುಗಳು ಹೆಚ್ಚಿದವು, ಧಾನ್ಯ ದುರ್ಲಭವಾಯಿತು. 1940ರಲ್ಲಿ ರೂಪಾಯಿಯ ಬೆಳ್ಳಿಯು ನೂರಕ್ಕೆ 50ಕ್ಕೆ ಇಳಿಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಉಳಿಯಲಿಲ್ಲ. ಹೆಸರು ಒಂದೇ, ತಿರುಳು ಬೇರೆ! ಸರಕಾರಿ ನೌಕರರಿಗೆ ತುಟ್ಟಿಭತ್ಯೆಯು ರೂಢಿಗೆ ಬಂದುದು ಆ ಯುದ್ಧಕಾಲದಲ್ಲಿಯೇ. ಹೊಲದ ಕೂಲಿಯವನಾದರೋ 1948ರ ಕನಿಷ್ಠ ವೇತನ ಕಾಯಿದೆಯ ವರೆಗೆ ಕಾಯಬೇಕಾಯಿತು.

ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 2012-13ರಲ್ಲಿ 155 ರೂಪಾಯಿ, 2024-25ರಲ್ಲಿ 349 ರೂಪಾಯಿ. ಅಂಕೆಯು ಇಮ್ಮಡಿಗೂ ಮೀರಿತು. ಮನೆಯ ನೆಮ್ಮದಿಯೂ ಇಮ್ಮಡಿಸಿತೇ? ಕೃಷಿಕಾರ್ಮಿಕರ ಬೆಲೆ ಸೂಚ್ಯಂಕವು 2025ರ ವರೆಗೂ 1986-87ನ್ನೇ ಆಧಾರವರ್ಷವಾಗಿ ಇಟ್ಟುಕೊಂಡಿತ್ತು. ಅಜ್ಜನ ಸಂತೆಯ ಯಾದಿಯಿಂದ ಮೊಮ್ಮಗನ ಸಂಸಾರವನ್ನು ಅಳೆದಂತಾಯಿತು. ಇಂದಿನ ಸಂಸಾರಕ್ಕೆ ಜೋಳದೊಡನೆ ಮಕ್ಕಳ ಶಾಲೆ, ಬಸ್ಸು, ದವಾಖಾನೆ, ಮೊಬೈಲು ಎಲ್ಲವೂ ಬೇಕು.

ವಕೀಲನಾಗಿ ಇನ್ನೊಂದು ಮಾತು. ಎಂದೋ ಕೋರ್ಟು ಗೊತ್ತುಪಡಿಸಿದ ಜೀವನಾಂಶದಲ್ಲಿಯೇ ದಿನ ನೂಕುವ ತಾಯಂದಿರಿದ್ದಾರೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ 25ನೆಯ ಕಲಮಿನಂತೆ, ಪರಿಸ್ಥಿತಿಯು ಗಣನೀಯವಾಗಿ ಬದಲಾದರೆ ಆ ಮೊತ್ತವನ್ನು ಬದಲಿಸಲು ಬರುತ್ತದೆ. ಅಕ್ಷರ ಬಲ್ಲ ನಾವು ಇದನ್ನು ಅವರಿಗೆ ತಿಳಿಸದಿದ್ದರೆ ಮತ್ತಾರು ತಿಳಿಸಬೇಕು?

ಉಪಾಧ್ಯಾಯರೇ, ಮಕ್ಕಳಿಗೆ ಈ ಲೆಕ್ಕ ಕೊಡಿರಿ: ಅಜ್ಜ, ತಂದೆ, ಅಣ್ಣ, ಈ ಮೂವರ ಒಂದು ದಿನದ ದುಡಿಮೆಗೆ ಎಷ್ಟು ಜೋಳ, ಎಷ್ಟು ಎಣ್ಣೆ, ಎಷ್ಟು ಅರಿವೆ ಬಂದಿತು? ಈ ಲೆಕ್ಕ ಕಲಿತ ಹುಡುಗನು ಪಗಾರ ಏರಿತೆಂದು ಮೈಮರೆಯಲಾರನು. ಕಳೆದ ಕಾಲವೇ ಬಂಗಾರವೆಂದು ಹಲುಬಲೂ ಆರನು.