ಘಟ್ಟದ ಮೇಲಿನ ತೆನೆಹಬ್ಬ

(ಶತಮಾನೋತ್ಸವದ ಕುಟುಂಬ ದಿನದಂದು ಮಾಡಿದ ಭಾಷಣ)



ಈ ದೇವಾಲಯದ ಇತಿಹಾಸವನ್ನು ನಮಗಿಂತ ಚೆನ್ನಾಗಿ ಹೇಳಬಲ್ಲ ಹಿರಿಯರು ವೇದಿಕೆಯ ಮೇಲೆಯೇ ಇರುವರು. ನಮ್ಮ ಪಾಲಿಗೆ ಬಂದಿರುವುದು ಸಣ್ಣದೊಂದು ವಿಷಯ: ಮನೆಯವರಿಂದ ದೂರವಿದ್ದವರು ಹಬ್ಬವನ್ನು ಹೇಗೆ ಆಚರಿಸಿದರು ಎಂಬುದು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಥೋಲಿಕ ಕುಟುಂಬಗಳಲ್ಲಿ ಈ ಪ್ರಶ್ನೆಯನ್ನು ಎದುರಿಸದ ಕುಟುಂಬ ವಿರಳ. ಏಕೆಂದರೆ ನಮ್ಮಲ್ಲಿ ಬಹುಮಂದಿಯ ಹಿರಿಯರು ಬೇರೆಡೆಯಿಂದ ಬಂದವರು. ಆಗುಂಬೆ ಘಾಟಿಯನ್ನು ಹತ್ತಿ ತೀರ್ಥಹಳ್ಳಿಗೆ ಬಂದವರುಂಟು. ಹುಲಿಕಲ್ಲಿನ ದಾರಿಯಲ್ಲಿ ಹೊಸನಗರದ ಸೀಮೆಗೆ, ಗೇರುಸೊಪ್ಪೆಯ ದಾರಿಯಲ್ಲಿ ಸಾಗರಕ್ಕೆ ಬಂದವರುಂಟು. ಅಡಿಕೆ ತೋಟ, ಕಲ್ಲುಕೆಲಸ, ಮರಗೆಲಸ, ಅಣೆಕಟ್ಟೆಯ ಕಾಮಗಾರಿ — ಎಲ್ಲಿ ಕೂಲಿ ಸಿಕ್ಕಿತೋ ಅಲ್ಲಿ ಬಿಡಾರ. ಕೊಂಕಣಿ, ಮಲಯಾಳ, ತಮಿಳು, ಕನ್ನಡ, ಹೀಗೆ ನಾಲ್ಕು ಬಗೆಯ ಮಾತಿನ ಮನೆಗಳು ಒಂದೇ ಗಂಟೆಯ ನಾದಕ್ಕೆ ಎದ್ದು ಬರುವಂತಾದವು.

ಕರಾವಳಿಯಿಂದ ಬಂದವರು ತಮ್ಮೊಡನೆ ತಂದ ದೊಡ್ಡ ಹಬ್ಬ ಸೆಪ್ಟೆಂಬರ್ 8ರ ಕನ್ಯಾಮರಿಯಮ್ಮನವರ ಜನನೋತ್ಸವ, ಅಂದರೆ ಮೊಂತಿ ಹಬ್ಬ. ಗೋವೆಯವರಾದ ಫಾದರ್ ಜೋವಾಕಿಂ ಮಿರಾಂದರು 1763ರಲ್ಲಿ ಫರಂಗಿಪೇಟೆಯ ಮೋಂತೆ ಮರಿಯಾನೊ ದೇವಾಲಯದಲ್ಲಿ ಇದನ್ನು ಆರಂಭಿಸಿದರೆಂಬುದು ಪರಂಪರೆಯ ಮಾತು. ಅವರೂ ಹುಟ್ಟೂರನ್ನು ಬಿಟ್ಟು ಬಂದವರೇ ಎಂಬುದನ್ನು ನಾವು ಮರೆಯುವುದುಂಟು. ಅದೇ 1763ರಲ್ಲಿ ನಮ್ಮ ಹೊಸನಗರ ತಾಲ್ಲೂಕಿನ ಬಿದನೂರು ಹೈದರಾಲಿಯ ಕೈಸೇರಿತು. 1784ರಲ್ಲಿ ಕರಾವಳಿಯ ಕ್ರೈಸ್ತರು ಟಿಪ್ಪುವಿನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. 1799ರ ತರುವಾಯ ಉಳಿದವರು ಊರಿಗೆ ಮರಳಿದಾಗ ಹಬ್ಬವೂ ಅವರೊಡನೆ ಉಳಿದಿತ್ತು.

ಹಬ್ಬದ ಕ್ರಮ ನಿಮಗೆ ತಿಳಿಯದ್ದಲ್ಲ. ನವೇನಾದ ದಿನಗಳಲ್ಲಿ ಮಕ್ಕಳು ಹೂಬುಟ್ಟಿ ಹಿಡಿದು ಬಾಲೆ ಮರಿಯಮ್ಮನವರಿಗೆ ಹೂವು ಅರ್ಪಿಸುವರು. ಹಬ್ಬದ ದಿನ ಗುರುಗಳು ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುವರು. ಮನೆಯ ಹಿರಿಯರು ಕಾಳುಗಳನ್ನು ಸುಲಿದು, ಪುಡಿಮಾಡಿ, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರಿಗೂ ಕೊಡುವರು. ಅನಂತರ ಬಾಳೆಯೆಲೆಯ ಮೇಲೆ ಸಸ್ಯಾಹಾರದ ಊಟ. ಪಲ್ಯಗಳ ಸಂಖ್ಯೆ ಬೆಸವಾಗಿರಬೇಕು. ಒಂದು ಕಡಿಮೆಯಾದರೆ ಉಪ್ಪಿನಕಾಯಿಯನ್ನೂ ಎಣಿಕೆಗೆ ಸೇರಿಸುವ ಜಾಣ್ಮೆ ನಮ್ಮ ತಾಯಂದಿರಿಗೆ ಚೆನ್ನಾಗಿ ಒದಗಿತ್ತು.

ಆದರೆ ತೆನೆಯಿಲ್ಲದೆ ತೆನೆಹಬ್ಬವೆಲ್ಲಿ? ಕರಾವಳಿಯಲ್ಲಿ ಮುಂಗಾರಿನ ಮೊದಲ ಬೆಳೆ ಸೆಪ್ಟೆಂಬರಿಗೆ ತೆನೆದೂಗುತ್ತದೆ. ನಮ್ಮ ಮಲೆನಾಡಿನಲ್ಲಿ ಹಾಗಲ್ಲ. ಇಲ್ಲಿ ನಾಟಿಯಾಗುವುದು ಜುಲೈ, ಆಗಸ್ಟ್ ತಿಂಗಳಲ್ಲಿ, ಕೊಯ್ಲು ನವೆಂಬರಿನಿಂದಾಚೆಗೆ. ಸೆಪ್ಟೆಂಬರ್ 8ರಂದು ಗದ್ದೆಯಲ್ಲಿರುವುದು ಬರಿಯ ಹಸಿರು ಗರಿ. ಇಲ್ಲಿಯ ರೈತರು ಭೂತಾಯಿಯ ಬಯಕೆಯನ್ನು ತೀರಿಸುವ ಭೂಮಿ ಹುಣ್ಣಿಮೆಯಾದರೂ ಬರುವುದು ಆಶ್ವಯುಜದಲ್ಲಿ. ನಮ್ಮ ಹಬ್ಬ ಒಂದು ನೆಲದ ಪಂಚಾಂಗದಲ್ಲಿ, ನಮ್ಮ ಗದ್ದೆ ಮತ್ತೊಂದು ನೆಲದ ಪಂಚಾಂಗದಲ್ಲಿ. ಆದುದರಿಂದ ತೆನೆ ಘಟ್ಟದ ಕೆಳಗಿನಿಂದಲೇ ಬರಬೇಕಾಗಿತ್ತು. ತವರಿನವರು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿಗೆ ಕೊಡುತ್ತಿದ್ದರು.

ನಮ್ಮ ಬಾಲ್ಯದ ಒಂದು ವರ್ಷ ಆ ತೆನೆ ಬರಲಿಲ್ಲ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ದಾರಿ. ಘಾಟಿಯಲ್ಲಿ ಮಣ್ಣು ಕುಸಿದು ಬಸ್ಸು ನಿಂತಿತ್ತು. ನೆರೆಯ ಹಿಂದೂ ರೈತರೊಬ್ಬರು ಸುದ್ದಿ ಕೇಳಿ, ತಮ್ಮ ಗದ್ದೆಯಿಂದ ಹಸಿರು ಭತ್ತದ ಒಂದು ಕಟ್ಟನ್ನು ತಂದು ಜಗಲಿಯ ಮೇಲಿಟ್ಟರು. “ನಿಮ್ಮ ತಾಯಿ ಹುಟ್ಟಿದ್ದು ಬೇಗ, ನಮ್ಮ ತಾಯಿಗೆ ಬಸಿರು ನಿಲ್ಲುವುದು ಇನ್ನೊಂದು ತಿಂಗಳ ಮೇಲೆ” ಎಂದು ಅವರು ನಕ್ಕುದು ನೆನಪಿದೆ. ಗುರುಗಳು ಆ ಗರಿಗಳನ್ನೇ ಆಶೀರ್ವದಿಸಿ ಹಂಚಿದರು. ಮನೆಯಲ್ಲಿ ಮಾತ್ರ ನಮ್ಮ ಅಜ್ಜಿ ಒಪ್ಪಲಿಲ್ಲ. ಕಾಳಿಲ್ಲದ ಹುಲ್ಲನ್ನು ದನಕ್ಕೆ ಕೊಡುವರೇ ಹೊರತು ದೇವರಿಗಲ್ಲವೆಂದು ಹೇಳಿ, ಎಲೆಯ ಮುಂದೆ ಕೂರದೆ ಗಂಜಿ ಕುಡಿದು ಮಲಗಿದಳು. ಅವಳು ಅತ್ತದ್ದು ತೆನೆಗಾಗಿಯೇ ಅಲ್ಲವೆಂಬುದು ನಮಗೆ ಅರ್ಥವಾದದ್ದು ಬಹುಕಾಲದ ಮೇಲೆ. ಆ ಬಟ್ಟೆಯ ಗಂಟಿನಲ್ಲಿ ಅವಳ ಅಣ್ಣತಮ್ಮಂದಿರ ಗದ್ದೆಯಿತ್ತು.

ಡಿಸೆಂಬರಿನಲ್ಲಿ ಇಲ್ಲಿಯ ಭತ್ತ ಕಣಕ್ಕೆ ಬಂತು. ಕ್ರಿಸ್ತ ಜಯಂತಿಯ ಬೆಳಿಗ್ಗೆ, ಯಾರನ್ನೂ ಕೇಳದೆ, ಅಜ್ಜಿ ಐದು ಕಾಳು ಹೊಸ ಭತ್ತವನ್ನು ಸುಲಿದು ಪಾಯಸಕ್ಕೆ ಹಾಕಿದಳು. ಮರುವರ್ಷ ಘಾಟಿ ತೆರೆದಿತ್ತು. ಕೆಳಗಿನ ತೆನೆಯೂ ಬಂತು. ಆದರೂ ಡಿಸೆಂಬರಿನ ಐದು ಕಾಳು ನಿಲ್ಲಲಿಲ್ಲ. ಇಂದಿಗೂ ನಮ್ಮ ಮನೆಯಲ್ಲಿ ಹೊಸಕ್ಕಿ ಎರಡು ಬಾರಿ: ಮರಿಯಮ್ಮನವರ ಹಬ್ಬಕ್ಕೆ ಬಿಟ್ಟು ಬಂದ ಊರಿನದು, ಪ್ರಭುವಿನ ಜನನಕ್ಕೆ ಇರುವ ಊರಿನದು. ಶಾಸ್ತ್ರದ ಪುಸ್ತಕದಲ್ಲಿ ಇದಿಲ್ಲವೆಂದು ಆಕ್ಷೇಪಿಸಿದವರುಂಟು. ಇರದಿದ್ದರೂ ಇದನ್ನು ತಪ್ಪೆನ್ನಲು ನಮಗೆ ಮನಸ್ಸು ಬರುವುದಿಲ್ಲ.

ಕೇರಳದಿಂದ ಬಂದ ನೆರೆಯವರದು ಮತ್ತೊಂದು ಬಗೆ. ಪವಿತ್ರ ಗುರುವಾರದ ರಾತ್ರಿ ಮನೆಯ ಯಜಮಾನ ಹುಳಿಯಿಲ್ಲದ ಪೆಸಹ ಅಪ್ಪವನ್ನು ಮುರಿದು, ತೆಂಗಿನ ಹಾಲು ಬೆಲ್ಲದ ಪಾನಕದೊಡನೆ ಮನೆಮಂದಿಗೆ ಹಂಚುವುದು ಅವರ ಪದ್ಧತಿ. ಆ ವರ್ಷ ಸಾವು ಕಂಡ ಮನೆಯಲ್ಲಿ ಅಪ್ಪ ಬೇಯಿಸುವುದಿಲ್ಲ. ನೆಂಟರೋ ನೆರೆಯವರೋ ತಂದುಕೊಡುವರು. ನೆಂಟರೆಲ್ಲ ಕೇರಳದಲ್ಲಿಯೇ ಉಳಿದಿದ್ದ ಒಂದು ಮನೆಯಲ್ಲಿ ಹೀಗೆ ಸಾವಾದಾಗ, ಕೊಂಕಣಿ ಮಾತಿನ ನಮ್ಮ ಅಮ್ಮ ಅವರಿಂದಲೇ ಕೇಳಿ ಕಲಿತು ಅಪ್ಪವನ್ನು ಮಾಡಿಕೊಟ್ಟಳು. ಅದು ಗಟ್ಟಿಯಾಗಿತ್ತಂತೆ. ಅವರು ಒಂದು ಚೂರನ್ನೂ ಬಿಡಲಿಲ್ಲವಂತೆ.

ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ನಮ್ಮ ಲೆಕ್ಕ ಪ್ರಾಮಾಣಿಕವಾಗದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ತುಂಬಿದಾಗ, ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ನೀರಿನಡಿಯಾದವು. ಅಂತಹ ಕಾಮಗಾರಿಗಳಲ್ಲಿ ಕಲ್ಲು ಹೊತ್ತು ಅನ್ನ ಕಂಡವರಲ್ಲಿ ನಮ್ಮವರೂ ಇದ್ದರು. ನಾವು ಬೇರೂರಿದ ನೆಲದಲ್ಲಿಯೇ ತಲೆತಲಾಂತರದ ಒಕ್ಕಲುಗಳು ಮುಳುಗಡೆಯವರೆಂಬ ಹೆಸರು ಹೊತ್ತು ಎದ್ದು ನಡೆದರು. ನಮಗೆ ಹಬ್ಬಕ್ಕೆ ಮರಳಲು ಘಟ್ಟದ ಕೆಳಗೊಂದು ಊರಿತ್ತು. ಅವರಿಗೆ ಅದೂ ಉಳಿಯಲಿಲ್ಲ. ಭೂಮಿ ಹುಣ್ಣಿಮೆಯ ಚರಗವನ್ನು ಬೀರಲು ಅವರಿಗೆ ತಮ್ಮ ಗದ್ದೆಯೇ ಇರಲಿಲ್ಲ.

ಈಗ ಕಾಲ ತಿರುಗಿದೆ. ನಮ್ಮ ಮಕ್ಕಳು ಬೆಂಗಳೂರಿನಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ. ಬಟ್ಟೆಯ ಗಂಟನ್ನು ಕಾಯುತ್ತಿದ್ದ ನಾವೇ ಆಶೀರ್ವದಿಸಿದ ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತೇವೆ. ದೂರವಾಣಿಯ ಪರದೆಯಲ್ಲಿ ಮೊಮ್ಮಕ್ಕಳ ಮುಖ ಕಾಣುತ್ತದೆ, ನಿಜ. ಆದರೆ ಎಲೆಯ ಮುಂದೆ ಕೂರಲು ಪರದೆಗೆ ಬಾರದು. ಮಕ್ಕಳು ಬಾರದ ವರ್ಷ ಅಡಿಗೆಯೇ ಬೇಡವೆನ್ನುವ ವೃದ್ಧ ದಂಪತಿಗಳು ನಮ್ಮಲ್ಲಿ ಹೆಚ್ಚುತ್ತಿರುವರು. ಅವರನ್ನು ನಾವು ದೂರುವುದಿಲ್ಲ. ನಮ್ಮ ಮನೆಯಲ್ಲಿಯೂ ಎರಡು ವರ್ಷ ಒಲೆ ಹಾಗೆಯೇ ತಣ್ಣಗಿತ್ತು.

ಕಳೆದ ಸೆಪ್ಟೆಂಬರಿನಲ್ಲಿ ಬಲಿಪೂಜೆ ಮುಗಿದು ತೆನೆ ಹಂಚುವಾಗ, ಹಿಂದಿನ ಸಾಲಿನಲ್ಲಿ ನಾಲ್ವರು ಯುವಕರು ಸಂಕೋಚದಿಂದ ನಿಂತಿದ್ದರು. ಜಾರ್ಖಂಡದಿಂದ ಅಡಿಕೆ ತೋಟದ ಕೆಲಸಕ್ಕೆ ಬಂದವರು, ನಮ್ಮದೇ ಧರ್ಮಸಭೆಯವರು. ತಮ್ಮೂರಿನಲ್ಲಿಯೂ ನವಾಖಾನಿಯೆಂಬ ಹೊಸ ಭತ್ತದ ಹಬ್ಬವುಂಟೆಂದು ಅವರಲ್ಲೊಬ್ಬ ಅರ್ಧ ಕನ್ನಡದಲ್ಲಿ ಹೇಳಿದ. ಅವರನ್ನು ಮನೆಗೆ ಕರೆದೆವು. ಕಳಲೆ, ಕೆಸುವಿನ ದಂಟು, ಅಂಬಟೆ, ಬೆಂಡೆ, ಐದನೆಯದು ಉಪ್ಪಿನಕಾಯಿ. ಎಲೆ ಎತ್ತುವಾಗ ಕಿರಿಯವನು ತನ್ನ ಪಾಲಿನ ತೆನೆಯಿಂದ ಮೂರು ಕಾಳುಗಳನ್ನು ಬಿಡಿಸಿ ಕಾಗದದಲ್ಲಿ ಮಡಿಚಿಕೊಂಡ. ತಾಯಿಗೆ ಕಳುಹಿಸಬೇಕಂತೆ. ನಮ್ಮಲ್ಲಿ ಇನ್ನೊಂದು ಲಕೋಟೆ ಉಳಿದಿತ್ತು; ಅದನ್ನು ಅವನಿಗೆ ಕೊಟ್ಟೆವು.